ಎಲ್ಲ ದಾರಿಯೂ ನಾಲಿಗೆಯ ಮೇಲೆ

ಬೆಕ್ಕು ಸಾಕಿದವರ ಹತ್ತಿರ ಚಿಗಟದ ಮಾತು ತೆಗೆದು ನೋಡಿ, ಮುಖ ಸ್ವಲ್ಪ ಬಿಗಿಯಾಗುತ್ತದೆ. “ನಮ್ಮ ಬೆಕ್ಕು ತುಂಬಾ ಕ್ಲೀನು, ಇಡೀ ದಿನ ಮೈ ನೆಕ್ಕಿಕೊಂಡೇ ಇರುತ್ತೆ” ಅನ್ನುವ ಉತ್ತರ ಬರುತ್ತದೆ. ನೆಕ್ಕಿಕೊಳ್ಳುವುದು ನಿಜವೇ. ನಿದ್ದೆ ಬಿಟ್ಟರೆ ಬೆಕ್ಕು ಅತಿ ಹೆಚ್ಚು ಹೊತ್ತು ಮಾಡುವ ಕೆಲಸಗಳಲ್ಲಿ ಅದೂ ಒಂದು. ಆದರೆ ಬೆಕ್ಕಿನ ಮೈಮೇಲಿನ ಮತ್ತು ಹೊಟ್ಟೆಯೊಳಗಿನ ಪರಾವಲಂಬಿಗಳ ಬಗ್ಗೆ ಓದುತ್ತಾ, ಪಶುವೈದ್ಯರನ್ನು ಕಾಡುತ್ತಾ, ಮನೆಯ ಎರಡು ಬೆಕ್ಕುಗಳನ್ನು ಗಮನಿಸುತ್ತಾ ಬಂದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಗಿದೆ. ಬೆಕ್ಕನ್ನು ಕಾಯುವುದೂ ಆ ನಾಲಿಗೆಯೇ, ರೋಗವನ್ನು ಒಳಗೆ ಕರೆದುಕೊಳ್ಳುವುದೂ ಆ ನಾಲಿಗೆಯೇ. ನಮ್ಮ ಕಣ್ಣಿಗೆ ಏನೂ ಬೀಳದ ಹಾಗೆ ಒರೆಸಿ ಹಾಕುವುದೂ ಅದೇ.

ಮೊದಲು ಕಾಯುವ ಕೆಲಸ. ಬೆಕ್ಕಿನ ನಾಲಿಗೆಯ ಮೇಲೆ ಒಳಮುಖವಾಗಿ ಬಾಗಿದ ಸಣ್ಣ ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಆ ಕೆರಟಿನ್‌ನಿಂದಲೇ ಅವೂ ಆಗಿವೆ. ಕೂದಲಿನ ಬುಡದವರೆಗೆ ಇಳಿದು ಕೊಳೆ, ಉದುರಿದ ಕೂದಲು, ಚಿಗಟ ಎಲ್ಲವನ್ನೂ ಬಾಚುತ್ತವೆ. ಒಮ್ಮೆ ಸಂಶೋಧಕರು ಚಿಗಟ ತುಂಬಿದ ಮನೆಯಲ್ಲಿ ಕೆಲವು ಬೆಕ್ಕುಗಳ ಕುತ್ತಿಗೆಗೆ ಅಗಲವಾದ ಕಾಲರ್ ಹಾಕಿ, ಮೈ ನೆಕ್ಕಿಕೊಳ್ಳಲು ಆಗದ ಹಾಗೆ ಮಾಡಿದರು. ಮೂರು ವಾರ ಕಳೆದ ಮೇಲೆ ಲೆಕ್ಕ ಹಾಕಿದರೆ, ಕಾಲರ್ ಇದ್ದ ಬೆಕ್ಕುಗಳ ಮೇಲೆ ಉಳಿದವಕ್ಕಿಂತ ಸುಮಾರು ಎರಡು ಪಟ್ಟು ಚಿಗಟ. ಅಂದರೆ ನಾಲಿಗೆ ನಿಜಕ್ಕೂ ದುಡಿಯುತ್ತದೆ. ಅರ್ಧದಷ್ಟು ಚಿಗಟ ಅದರಿಂದಲೇ ಕಡಿಮೆಯಾಗುತ್ತದೆ.

ಉಳಿದ ಅರ್ಧ? ಅದು ಅಲ್ಲೇ ಇರುತ್ತದೆ. ಹೋದ ಅರ್ಧದಲ್ಲೂ ಒಂದು ಪಾಲು ಎಲ್ಲಿಗೆ ಹೋಯಿತು ಅಂದರೆ, ಬೆಕ್ಕಿನ ಹೊಟ್ಟೆಗೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದರಿಂದ ಮನುಷ್ಯರಿಗೆ ಆಗುವ ತೊಂದರೆ ಏನೆಂದರೆ, ಚಿಗಟ ಇರುವ ಬೆಕ್ಕಿನ ಮೈಯಲ್ಲಿ ಚಿಗಟವೇ ಕಾಣದೆ ಹೋಗಬಹುದು. ಕೂದಲು ಸರಿಸಿ ನೋಡಿ “ಏನೂ ಇಲ್ಲ” ಎಂದು ಬಿಡುತ್ತೇವೆ. ಹಾಗಾಗಿ ನಾನು ಚಿಗಟವನ್ನು ಹುಡುಕುವುದಿಲ್ಲ, ಅದರ ಹಿಕ್ಕೆಯನ್ನು ಹುಡುಕುತ್ತೇನೆ. ಹಲ್ಲು ತುಂಬಾ ಒತ್ತೊತ್ತಾಗಿರುವ ಬಾಚಣಿಗೆ ಬೇಕು. ಬಾಲದ ಬುಡದ ಮೇಲ್ಭಾಗ ಮತ್ತು ಕುತ್ತಿಗೆಯ ಹಿಂಭಾಗ, ಈ ಎರಡು ಜಾಗದಲ್ಲಿ ನಿಧಾನಕ್ಕೆ ಬಾಚಿ, ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಉದುರಿಸಬೇಕು. ಬರೀ ಮಣ್ಣಾದರೆ ಹಾಗೇ ಕಪ್ಪಗಿರುತ್ತದೆ. ಚಿಗಟದ ಹಿಕ್ಕೆಯಾದರೆ ಸುತ್ತಲೂ ಕೆಂಪು ಕಂದು ಬಣ್ಣ ಹರಡುತ್ತದೆ. ಯಾಕೆಂದರೆ ಅದು ಅರಗಿ ಒಣಗಿದ ರಕ್ತ, ನಿಮ್ಮ ಬೆಕ್ಕಿನ ರಕ್ತ. ಈ ಪರೀಕ್ಷೆಗೆ ಖರ್ಚಿಲ್ಲ, ಹೆಚ್ಚು ಹೊತ್ತೂ ಬೇಡ. ಬೆಕ್ಕು ಒಪ್ಪಬೇಕು, ಅಷ್ಟೇ. ನಮ್ಮ ದೊಡ್ಡ ಬೆಕ್ಕು ಬೂದ ಒಪ್ಪುತ್ತಾನೆ, ಕಣ್ಣು ಮುಚ್ಚಿ ಮಲಗಿಬಿಡುತ್ತಾನೆ. ಚಿಕ್ಕವಳು ಪುಟ್ಟಿಗೆ ಬಾಚಣಿಗೆ ಕಂಡರೆ ಆಗುವುದಿಲ್ಲ, ಅವಳ ಮಟ್ಟಿಗೆ ಅದು ಯುದ್ಧ ಸಾರಿದ ಹಾಗೆ.

ಚಿಗಟ ಬೆಕ್ಕಿನ ಮೇಲೆ ಇರುವ ಹುಳ ಎಂದು ನಾವು ತಿಳಿದಿರುತ್ತೇವೆ. ಅದು ಹೆಚ್ಚಾಗಿ ನಮ್ಮ ಮನೆಯಲ್ಲಿ ಇರುವ ಹುಳ. ಬಲಿತ ಹೆಣ್ಣು ಚಿಗಟ ಬೆಕ್ಕಿನ ಮೈಮೇಲೇ ಇದ್ದು, ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರು ಮಾಡುತ್ತದೆ. ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಮೊಟ್ಟೆ ನುಣುಪು, ಕೂದಲಿಗೆ ಅಂಟುವುದಿಲ್ಲ. ಬೆಕ್ಕು ಎಲ್ಲೆಲ್ಲಿ ಮಲಗುತ್ತದೋ, ಎಲ್ಲಿಂದ ಹಾರುತ್ತದೋ, ಅಲ್ಲೆಲ್ಲ ಉದುರುತ್ತದೆ. ಸೋಫಾದ ಸಂದಿ, ಹಾಸಿಗೆಯ ಅಂಚು, ನೆಲಹಾಸು. ಅದರಿಂದ ಹೊರಬಂದ ಮರಿಹುಳ ಬೆಳಕಿಗೆ ಹೆದರಿ ಕತ್ತಲ ಸಂದಿಗೆ ಇಳಿಯುತ್ತದೆ. ಅಲ್ಲಿ ಅದರ ಊಟ ಏನು ಗೊತ್ತಾ? ಮೇಲಿನಿಂದ ಉದುರುವ ದೊಡ್ಡ ಚಿಗಟಗಳ ಹಿಕ್ಕೆ. ಅಪ್ಪ ಅಮ್ಮ ಬೆಕ್ಕಿನ ಮೈಮೇಲೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತ ಕುಡಿದು, ಅರೆಬರೆ ಅರಗಿಸಿ, ಕೆಳಗಿರುವ ಮಕ್ಕಳಿಗೆ ಒಣಗಿದ ರಕ್ತವನ್ನು ಉದುರಿಸುತ್ತವೆ. ಅಸಹ್ಯವೇ, ಆದರೆ ಏರ್ಪಾಡು ಅಚ್ಚುಕಟ್ಟು.

ಮರಿಹುಳ ಆಮೇಲೆ ಅಂಟಂಟಾದ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿಗೆ ಧೂಳು, ದಾರದ ಎಳೆ ಎಲ್ಲ ಮೆತ್ತಿ ಹೊರಗಿನಿಂದ ಗುರುತೇ ಸಿಗುವುದಿಲ್ಲ. ಕೀಟನಾಶಕವೂ ಸರಿಯಾಗಿ ಒಳಗೆ ಇಳಿಯುವುದಿಲ್ಲ. ಹವೆ ಬೆಚ್ಚಗಿದ್ದು ತೇವವೂ ಇದ್ದರೆ ಮೊಟ್ಟೆಯಿಂದ ಬಲಿತ ಚಿಗಟ ಆಗಲು ಎರಡು ಮೂರು ವಾರ ಸಾಕು. ಇಲ್ಲದಿದ್ದರೆ ಗೂಡಿನೊಳಗೇ ತಿಂಗಳುಗಟ್ಟಲೆ ಕಾಯುತ್ತದೆ. ನೆಲದ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್, ಇವು ತಾಗಿದಾಗ ಊಟ ಹತ್ತಿರ ಬಂತು ಎಂದು ತಿಳಿದು ಹೊರಗೆ ಹಾರುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಯೊಳಗೆ ಕಾಲಿಟ್ಟ ತಕ್ಷಣ ಕಾಲಿಗೆ ಚಿಗಟ ಮುತ್ತುವುದು ಇದೇ ಕಾರಣಕ್ಕೆ.

ಒಂದು ಮನೆಯ ಒಟ್ಟು ಚಿಗಟದ ಸಂಸಾರದಲ್ಲಿ ಬೆಕ್ಕಿನ ಮೈಮೇಲೆ ಇರುವ ಬಲಿತ ಚಿಗಟ ಸುಮಾರು 5 ಶೇಕಡಾ ಎನ್ನುತ್ತಾರೆ. ಉಳಿದ 95 ಶೇಕಡಾ ಮೊಟ್ಟೆ, ಮರಿಹುಳ, ಗೂಡುಗಳ ರೂಪದಲ್ಲಿ ನಮ್ಮ ಸುತ್ತಲೇ ಇರುತ್ತದೆ. ಈ ಒಂದು ಲೆಕ್ಕ ತಲೆಯಲ್ಲಿ ಕೂತರೆ ಎಷ್ಟೋ ಗೊಂದಲ ತಾನಾಗೇ ಬಗೆಹರಿಯುತ್ತದೆ. ಔಷಧಿ ಹಾಕಿದ ಎರಡು ವಾರಕ್ಕೆ ಮತ್ತೆ ಚಿಗಟ ಕಂಡಿತು, ಔಷಧಿ ನಕಲಿ ಇರಬೇಕು ಎಂದು ಕೂಗಾಡುವವರನ್ನು ನೋಡಿದ್ದೇನೆ. ಹೆಚ್ಚಿನ ಸಲ ಔಷಧಿ ಸರಿಯಾಗೇ ಇರುತ್ತದೆ. ಔಷಧಿ ಹಾಕುವ ಮೊದಲೇ ಗೂಡಿನಲ್ಲಿ ಕೂತಿದ್ದ ಚಿಗಟ ಈಗ ಹೊರಬರುತ್ತಿದೆ, ಬೆಕ್ಕಿನ ಮೈಗೆ ಹಾರಿ ಅಲ್ಲಿ ಸಾಯುತ್ತಿದೆ. ಆ ಹೊತ್ತಿನಲ್ಲಿ ಬೇಸತ್ತು ನಿಲ್ಲಿಸಿದರೆ ಮಾತ್ರ ಮಾಡಿದ್ದೆಲ್ಲ ವ್ಯರ್ಥ. ಕಡಿಮೆ ಅಂದರೂ ಮೂರು ತಿಂಗಳು ತಪ್ಪದೆ ಮುಂದುವರಿಸಬೇಕು. ಮನೆಯಲ್ಲಿರುವ ಎಲ್ಲ ಬೆಕ್ಕು, ನಾಯಿಗಳಿಗೂ ಒಟ್ಟಿಗೇ ಮಾಡಬೇಕು, ಕೆರೆದುಕೊಳ್ಳದವಕ್ಕೂ ಸೇರಿಸಿ. ಜೊತೆಗೆ ಬೆಕ್ಕು ಮಲಗುವ ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುವುದು, ಸಂದಿಗೊಂದಿಗೆ ವ್ಯಾಕ್ಯೂಮ್ ಹಾಕುವುದು. ವ್ಯಾಕ್ಯೂಮ್ ಕಸ ಎಳೆಯುವುದರ ಜೊತೆಗೆ ತನ್ನ ಅದುರಿನಿಂದ ಗೂಡಿನೊಳಗಿನ ಚಿಗಟವನ್ನೂ ಎಬ್ಬಿಸುತ್ತದೆ. ಎದ್ದದ್ದು ಔಷಧಿ ಹಾಕಿದ ಬೆಕ್ಕಿನ ಮೇಲೆ ಹಾರಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. ಚಿಗಟದ ಶಾಂಪೂ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಆ ಹೊತ್ತಿಗೆ ಮೈಮೇಲಿರುವ 5 ಶೇಕಡಾ ಸಾಯುತ್ತದೆ, ಬೆಕ್ಕು ನಿಮ್ಮ ಮೇಲೆ ವಾರಗಟ್ಟಲೆ ಕೋಪ ಇಟ್ಟುಕೊಳ್ಳುತ್ತದೆ.

ಈಗ ನುಂಗಿದ ಚಿಗಟದ ವಿಷಯ. ಬೆಕ್ಕಿನ ಗುದದ ಸುತ್ತ ಅಥವಾ ಮಲಗುವ ಜಾಗದಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರುಗಳು ಕಂಡರೆ, ಅವು ಲಾಡಿಹುಳದ ತುಂಡುಗಳು. ಹೊಸದಾಗಿದ್ದಾಗ ಮೆಲ್ಲಗೆ ಅಲುಗಾಡುತ್ತವೆ. ಒಣಗಿದರೆ ಹಳದಿ ಬಣ್ಣಕ್ಕೆ ತಿರುಗುತ್ತವೆ. ಪ್ರತಿ ತುಂಡಿನಲ್ಲೂ ಮೊಟ್ಟೆಗಳ ಪೊಟ್ಟಣ. ಆ ಮೊಟ್ಟೆಯನ್ನು ಬೆಕ್ಕು ನೇರವಾಗಿ ತಿಂದರೆ ಏನೂ ಆಗುವುದಿಲ್ಲ. ನೆಲದ ಮೇಲಿರುವ ಚಿಗಟದ ಮರಿಹುಳ ತಿನ್ನಬೇಕು. ಬಲಿತ ಚಿಗಟಕ್ಕೆ ಹೀರುವ ಬಾಯಿ ಮಾತ್ರ, ಮರಿಹುಳಕ್ಕೆ ಅಗಿಯುವ ಬಾಯಿ ಇದೆ, ಅದಕ್ಕೇ ಅದು ತಿನ್ನಬಲ್ಲದು. ಮರಿಹುಳ ಬಲಿತು ಚಿಗಟವಾದಾಗ ಲಾಡಿಹುಳದ ಎಳೆಯ ರೂಪವೂ ಅದರೊಳಗೇ ಬೆಳೆದಿರುತ್ತದೆ. ಆ ಚಿಗಟ ಬೆಕ್ಕನ್ನು ಕಚ್ಚುತ್ತದೆ, ತುರಿಕೆಯಾಗುತ್ತದೆ, ಬೆಕ್ಕು ನೆಕ್ಕುತ್ತದೆ, ಚಿಗಟ ಹೊಟ್ಟೆ ಸೇರುತ್ತದೆ. ಎರಡು ಮೂರು ವಾರದಲ್ಲಿ ಮತ್ತೆ ಬಿಳಿ ಚೂರು. ಸ್ವಚ್ಛವಾಗಿರುವ ಬೆಕ್ಕಿನ ಅಭ್ಯಾಸವನ್ನೇ ಈ ಹುಳ ತನ್ನ ಏಣಿ ಮಾಡಿಕೊಂಡಿದೆ.

ಆದ್ದರಿಂದ ಪ್ರಾಜಿಕ್ವಾಂಟೆಲ್ ಮಾತ್ರೆ ಕೊಟ್ಟು ಸುಮ್ನೆ ಕೂತರೆ ಪ್ರಯೋಜನವಿಲ್ಲ. ಮಾತ್ರೆ ಒಳ್ಳೆಯದೇ, ಹೊಟ್ಟೆಯಲ್ಲಿರುವ ಲಾಡಿಹುಳವನ್ನು ಕೊಲ್ಲುತ್ತದೆ. ಆದರೆ ಮುಂದಿನ ವಾರ ನುಂಗುವ ಚಿಗಟದ ಮೇಲೆ ಅದಕ್ಕೆ ಯಾವ ಅಧಿಕಾರವೂ ಇಲ್ಲ. ತಿಂಗಳಿಗೊಮ್ಮೆ ಬಿಳಿ ಚೂರು ಕಾಣುತ್ತಿದ್ದರೆ ಮಾತ್ರೆಯನ್ನು ಬೈಯಬೇಡಿ, ಬಾಚಣಿಗೆ ಎತ್ತಿಕೊಳ್ಳಿ. ಇಲಿ ಹಿಡಿಯುವ ಬೆಕ್ಕಿನದು ಬೇರೆ ಕಥೆ. ಇಲಿಯ ಪಿತ್ತಜನಕಾಂಗದಲ್ಲಿ ಕೂತಿರುವ ಇನ್ನೊಂದು ಜಾತಿಯ ಲಾಡಿಹುಳ ಅದಕ್ಕೆ ಬರುತ್ತದೆ. ಅಲ್ಲಿ ಚಿಗಟದ ಪಾತ್ರವೇ ಇಲ್ಲ.

ಕರುಳಿನಲ್ಲಿ ಇರುವ ಇನ್ನೊಂದು ಹುಳ, ದುಂಡುಹುಳ, ಇನ್ನೂ ಬೇಗ ಬಂದು ಸೇರುತ್ತದೆ. ಮರಿ ಕಣ್ಣು ಬಿಡುವ ಮೊದಲೇ ದಾರಿ ತೆರೆದಿರಬಹುದು. ತಾಯಿಯ ಮೈಯ ಅಂಗಾಂಶಗಳಲ್ಲಿ ಸುಪ್ತವಾಗಿರುವ ಎಳೆಹುಳಗಳು ಹಾಲಿನ ಮೂಲಕ ಮರಿಗೆ ಹೋಗುತ್ತವೆ. ನಾಯಿಯಲ್ಲಾದರೆ ಗರ್ಭದಲ್ಲಿರುವಾಗಲೇ ದಾಟುತ್ತವೆ, ಬೆಕ್ಕಿನಲ್ಲಿ ಹಾಲೇ ಮುಖ್ಯ ದಾರಿ. ಹೊಟ್ಟೆ ಮಾತ್ರ ಉಬ್ಬಿ, ಬೆನ್ನು ಮೂಳೆ ಎದ್ದು, ಕೂದಲು ಒರಟಾಗಿರುವ ಮರಿಯನ್ನು ನೋಡಿ “ಎಷ್ಟು ಗುಂಡುಗುಂಡಗಿದೆ” ಎಂದು ಜನ ಮುದ್ದು ಮಾಡುತ್ತಾರೆ. ಅದು ಹುಳದ ಹೊಟ್ಟೆ. ಅದಕ್ಕೇ ಮೂರನೇ ವಾರದಿಂದಲೇ ಎರಡು ವಾರಕ್ಕೊಮ್ಮೆ, ಹಾಲು ಬಿಟ್ಟ ಮೇಲೂ ಸ್ವಲ್ಪ ಕಾಲದವರೆಗೆ, ಜಂತುಹುಳದ ಔಷಧಿ ಕೊಡಲು ಹೇಳುತ್ತಾರೆ. ತಾಯಿಗೂ ಅದೇ ಹೊತ್ತಿಗೆ ಕೊಡಬೇಕು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ದೊಡ್ಡದಾಗಿ ಹೊರಗೆ ಓಡಾಡುವ ಬೆಕ್ಕಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಬೇಕು. ಬೇಟೆ ಜಾಸ್ತಿ ಆಡುವ ಬೆಕ್ಕಿಗೆ ಇನ್ನೂ ಹತ್ತಿರ ಹತ್ತಿರ.

ಈ ಔಷಧಿಗಳ ಬಗ್ಗೆ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಕೂತಿದೆ. ಡೀವರ್ಮಿಂಗ್ ಮಾಡಿದರೆ ಮೂರು ತಿಂಗಳು ಹುಳ ಬರುವುದಿಲ್ಲ ಎಂದು. ಹುಳದ ಮಾತ್ರೆ ಲಸಿಕೆಯಲ್ಲ. ಸಾಮಾನ್ಯ ಮಾತ್ರೆಗಳು ಆ ದಿನ ಒಳಗಿರುವುದನ್ನು ತೆಗೆಯುತ್ತವೆ, ಅಷ್ಟೇ. ನಾಳೆ ಬೆಕ್ಕು ಇಲಿ ತಿಂದರೆ ನಾಳೆಯಿಂದಲೇ ಹೊಸ ಲೆಕ್ಕ. ಹಾಗೆಯೇ ಮಲದಲ್ಲಿ ಹುಳ ಕಾಣಲಿಲ್ಲ ಎಂದರೆ ಹುಳ ಇಲ್ಲ ಎಂದಲ್ಲ. ದುಂಡುಹುಳ ಕರುಳಿನಲ್ಲೇ ಇದ್ದು ಮೊಟ್ಟೆ ಮಾತ್ರ ಹೊರಗೆ ಕಳಿಸುತ್ತದೆ, ಆ ಮೊಟ್ಟೆ ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುತ್ತದೆ. ಸ್ಟೂಲ್ ಟೆಸ್ಟ್ ಮಾಡಿಸುವುದಕ್ಕೆ ಅರ್ಥವಿರುವುದು ಇಲ್ಲಿ. ಕೊಕ್ಕೆಹುಳ ಚಿಕ್ಕದು, ಆದರೆ ರಕ್ತ ಹೀರುತ್ತದೆ. ಮರಿಗಳ ಒಸಡು ಬಿಳಿಚಿಕೊಂಡಿದ್ದರೆ ಕಾಯುತ್ತಾ ಕೂರಬಾರದು. ಚಿಗಟ ತುಂಬಾ ಇದ್ದರೂ ಮರಿಗೆ ಅದೇ ಗತಿ, ರಕ್ತಹೀನತೆಯಿಂದ ಸತ್ತೇ ಹೋಗಬಹುದು.

ನಾಲಿಗೆಯ ಮಾತು ಎಲ್ಲಕ್ಕಿಂತ ಗಂಭೀರವಾಗುವುದು ಔಷಧಿಯ ವಿಷಯದಲ್ಲಿ. ಬೆಕ್ಕಿನ ಮೈಗೆ ನೀವು ಏನು ಹಚ್ಚುತ್ತೀರೋ ಅದನ್ನು ಬೆಕ್ಕಿಗೆ ತಿನ್ನಿಸುತ್ತಿದ್ದೀರಿ ಎಂದೇ ತಿಳಿಯಬೇಕು. ಎಣ್ಣೆ, ಪುಡಿ, ಸ್ಪ್ರೇ ಯಾವುದೇ ಇರಲಿ. ಅದರಲ್ಲೂ ಪರ್ಮೆಥ್ರಿನ್ ಎನ್ನುವ ಹೆಸರನ್ನು ಬೆಕ್ಕಿರುವ ಮನೆಯವರೆಲ್ಲ ಬಾಯಿಪಾಠ ಮಾಡಿಕೊಂಡಿರಬೇಕು ಅನ್ನುವುದು ನನ್ನ ಹಟ. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿ ಕೀಟಗಳನ್ನು ಕೊಲ್ಲುವ ಅಂಶವಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ಕಾರ್ಖಾನೆಯಲ್ಲಿ ತಯಾರಿಸಿದ ರಾಸಾಯನಿಕ ಇದು. ನಾಯಿಗಳ ಕುತ್ತಿಗೆಗೆ ಹಾಕುವ ಕೆಲವು ಹನಿ ಔಷಧಿಗಳಲ್ಲಿ ಇದು 45ರಿಂದ 65 ಶೇಕಡಾದಷ್ಟು ಇರುತ್ತದೆ. ನಾಯಿಗೆ ಏನೂ ಆಗುವುದಿಲ್ಲ. ಅದೇ ಹನಿ ಬೆಕ್ಕಿಗೆ ಬಿದ್ದರೆ ಮೈ ನಡುಗುತ್ತದೆ, ಸ್ನಾಯು ಅದುರುತ್ತದೆ, ಫಿಟ್ಸ್ ಬರುತ್ತದೆ, ಜೀವ ಹೋಗಬಹುದು.

ಕಾರಣ ಬೆಕ್ಕಿನ ಯಕೃತ್ತಿನಲ್ಲಿದೆ. ನಮ್ಮಲ್ಲಿ, ನಾಯಿಯಲ್ಲಿ ಇಂಥ ಎಷ್ಟೋ ರಾಸಾಯನಿಕಗಳನ್ನು ಕರಗಿಸಿ ಹೊರಗೆ ಹಾಕುವ ಒಂದು ಕಿಣ್ವವಿದೆ. ಬೆಕ್ಕಿನಲ್ಲಿ ಅದರ ಜೀನ್ ಕೆಟ್ಟುಹೋಗಿದೆ. ಬರೀ ಮಾಂಸ ತಿನ್ನುವ ಪ್ರಾಣಿಗೆ ಗಿಡಗಳ ವಿಷವನ್ನು ಕರಗಿಸುವ ಕೆಲಸವೇ ಬೀಳಲಿಲ್ಲ, ಹಾಗಾಗಿ ವಂಶಪಾರಂಪರ್ಯದಲ್ಲಿ ಆ ಜೀನ್ ಹಾಳಾದರೂ ನಷ್ಟವಾಗಲಿಲ್ಲ ಎಂದು ವಿವರಿಸುತ್ತಾರೆ. ಸಾಧಾರಣ ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುವುದಕ್ಕೂ ಇದೇ ಕಾರಣ. ಆದ್ದರಿಂದ “ದೊಡ್ಡ ನಾಯಿಯದನ್ನೇ ಸ್ವಲ್ಪ ಕಡಿಮೆ ಹಾಕಿದರೆ ಆಯ್ತಲ್ವಾ” ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೆಕ್ಕು ಸಣ್ಣ ನಾಯಿಯಲ್ಲ. ನಾಯಿಗೆ ಹಾಕಿದ್ದು ಒಣಗುವ ಮೊದಲೇ ಬೆಕ್ಕು ಅದರ ಪಕ್ಕ ಒರಗಿ ಮಲಗಿದರೂ, ಅದರ ಕಿವಿ ನೆಕ್ಕಿದರೂ ವಿಷ ಏರಬಹುದು. ತಪ್ಪಿ ತಗುಲಿದ್ದು ಗೊತ್ತಾದರೆ ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನ ದ್ರವದಿಂದ ತೊಳೆದು, ಲಕ್ಷಣ ಕಾಣುವವರೆಗೆ ಕಾಯದೆ ವೈದ್ಯರ ಹತ್ತಿರ ಓಡಬೇಕು. ನಡುಕ ಆಗಲೇ ಶುರುವಾಗಿದ್ದರೆ ತೊಳೆಯಲೂ ನಿಲ್ಲಬೇಡಿ.

“ನ್ಯಾಚುರಲ್” ಎಂದು ಬರೆದ ಬಾಟಲಿಗಳ ಬಗ್ಗೆಯೂ ನನ್ನ ಅನುಮಾನ ಇದೇ ಕಾರಣಕ್ಕೆ. ಟೀ ಟ್ರೀ ಎಣ್ಣೆ ಬೆಕ್ಕಿಗೆ ವಿಷ. ಬೆಳ್ಳುಳ್ಳಿ ಕೊಟ್ಟರೆ ಹುಳ ಹೋಗುತ್ತದೆ ಎನ್ನುತ್ತಾರೆ, ಹೋಗುವುದು ಬೆಕ್ಕಿನ ಕೆಂಪು ರಕ್ತಕಣ. ಗಿಡದಿಂದ ಬಂದದ್ದು ಎನ್ನುವುದು ಬೆಕ್ಕಿನ ಮಟ್ಟಿಗೆ ಸಮಾಧಾನದ ಮಾತಲ್ಲ, ಉಲ್ಟಾ.

ಬೆಕ್ಕಿಗೆಂದೇ ಮಾಡಿದ ಹನಿ ಔಷಧಿಗಳು ಬೇರೆ. ಫಿಪ್ರೊನಿಲ್, ಸೆಲಾಮೆಕ್ಟಿನ್, ಇಮಿಡಾಕ್ಲೋಪ್ರಿಡ್, ಫ್ಲುರಲಾನರ್ ಹೀಗೆ ಹಲವು ಇವೆ. ಪ್ರತಿಯೊಂದೂ ಬೇರೆ ಬೇರೆ ಹುಳದ ಮೇಲೆ ಕೆಲಸ ಮಾಡುತ್ತದೆ. ಸೆಲಾಮೆಕ್ಟಿನ್ ಚಿಗಟ, ಕಿವಿನುಸಿಯ ಜೊತೆಗೆ ದುಂಡುಹುಳವನ್ನೂ ಹಿಡಿಯುತ್ತದೆ, ಲಾಡಿಹುಳವನ್ನು ಮುಟ್ಟುವುದಿಲ್ಲ. ಒಂದೇ ಔಷಧಿ ಎಲ್ಲಕ್ಕೂ ಆಯಿತು ಎಂದುಕೊಳ್ಳದೆ ಯಾವುದಕ್ಕೆ ಎಂದು ಕೇಳಿಯೇ ತರಬೇಕು. ಐವರ್‌ಮೆಕ್ಟಿನ್ ಇದೇ ಸೆಲಾಮೆಕ್ಟಿನ್ ಕುಟುಂಬದ್ದು. ಜಪಾನಿನ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯಿಂದ ಈ ಕುಟುಂಬ ಹುಟ್ಟಿತು. ಅದಕ್ಕಾಗಿ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು. ಈ ಹನಿ ಔಷಧಿಗಳನ್ನು ಹಾಕುವ ಜಾಗ ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವಲ್ಲಿ. ಯಾಕೆ ಅಲ್ಲೇ ಅಂದರೆ, ಬೆಕ್ಕಿನ ನಾಲಿಗೆ ತಲುಪದ ಜಾಗ ಅದೊಂದೇ ಎನ್ನಬಹುದು. ಕೂದಲನ್ನು ಎರಡು ಪಾಲು ಮಾಡಿ ಚರ್ಮ ಕಂಡ ಮೇಲೆ ಹನಿ ಬಿಡಬೇಕು. ಕೂದಲ ಮೇಲೆ ಬಿಟ್ಟರೆ ದುಡ್ಡು ದಂಡ. ಎರಡು ಬೆಕ್ಕಿದ್ದರೆ ಒಣಗುವವರೆಗೆ ಬೇರೆ ಬೇರೆ ಕೋಣೆಯಲ್ಲಿಡಿ, ಒಂದು ಇನ್ನೊಂದರ ಕುತ್ತಿಗೆ ನೆಕ್ಕುತ್ತದೆ. ತೂಕ ಹಾಕದೆ ಪ್ರಮಾಣ ಊಹಿಸಬೇಡಿ. ತಕ್ಕಡಿಯ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು, ಆಮೇಲೆ ಬರೀ ನೀವೇ ನಿಂತು ಕಳೆದರೆ ಸಾಕು.

ಕಿವಿನುಸಿ, ಕಜ್ಜಿ, ಉಣ್ಣೆ (ಉಣುಗು) ಇವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಿವಿಯೊಳಗೆ ಕಪ್ಪಗೆ ಪುಡಿಪುಡಿಯಾದ ಮೇಣ ತುಂಬಿ, ಬೆಕ್ಕು ತಲೆ ಕೊಡವುತ್ತಿದ್ದರೆ ನುಸಿ ಇರಬಹುದು. ಬರೀ ಕಿವಿ ತೊಳೆದರೆ ಹೋಗುವುದಿಲ್ಲ, ಜೊತೆಗಿರುವ ಪ್ರಾಣಿಗಳಿಗೂ ಚಿಕಿತ್ಸೆ ಬೇಕು. ಕಜ್ಜಿ ಸಾಮಾನ್ಯವಾಗಿ ಕಿವಿಯ ಅಂಚಿನಿಂದ ಶುರುವಾಗಿ ಮುಖಕ್ಕೆ ಇಳಿಯುತ್ತದೆ, ಎತ್ತಿಕೊಂಡವರ ಕೈಗೂ ಸ್ವಲ್ಪ ದಿನ ತುರಿಕೆ ಕೊಡುತ್ತದೆ. ಉಣ್ಣೆ ಬೆಕ್ಕಿಗೆ ನಾಯಿಯಷ್ಟು ಹತ್ತುವುದಿಲ್ಲ. ಹತ್ತಿದರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯುವುದು. ಸುಡುವುದು, ಎಣ್ಣೆ ಸುರಿಯುವುದು ಬೇಡ.

ಇನ್ನು ಮನೆಯಲ್ಲಿ ಯಾರಾದರೂ ಗರ್ಭಿಣಿಯಾದ ತಕ್ಷಣ ಬೆಕ್ಕನ್ನು ಹೊರಗೆ ಹಾಕುವ ಮಾತು ಏಳುತ್ತದಲ್ಲ, ಗರ್ಭದಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎನ್ನುವ ಸೂಕ್ಷ್ಮ ಪರಾವಲಂಬಿಯ ಹೆಸರಿನಲ್ಲಿ. ಈ ಜೀವಿಯನ್ನು ಮೊದಲು ಗುರುತಿಸಿದ್ದು 1908ರಲ್ಲಿ, ಬೆಕ್ಕಿನ ಪಾತ್ರ ಗೊತ್ತಾಗಿದ್ದು ಬಹಳ ತಡವಾಗಿ. 1965ರಲ್ಲಿ ಗ್ಲಾಸ್ಗೋದ ವಿಲಿಯಂ ಹಚಿಸನ್ ಬೆಕ್ಕಿನ ಮಲದ ಮೂಲಕ ಇದು ಹರಡುತ್ತದೆ ಎಂದು ತೋರಿಸಿದರು. ಆದರೆ ದುಂಡುಹುಳದ ಮೊಟ್ಟೆಯೊಳಗೆ ಕೂತು ಹೊರಗೆ ಬರುತ್ತಿರಬೇಕು ಎಂದು ಮೊದಲು ಅಂದುಕೊಂಡಿದ್ದರು. ಹುಳವೇ ಇಲ್ಲದ ಬೆಕ್ಕಿನಿಂದಲೂ ಬರುತ್ತದೆ ಎಂದು ತಿಳಿದ ಮೇಲೆ ಆ ಊಹೆ ಬಿದ್ದುಹೋಯಿತು. 1970ರ ಹೊತ್ತಿಗೆ ಟಾಕ್ಸೊಪ್ಲಾಸ್ಮಾಕ್ಕೆ ತನ್ನದೇ ಮೊಟ್ಟೆಯಂಥ ಕೋಶವಿದೆ, ಅದು ಬೆಕ್ಕಿನ ಕರುಳಿನಲ್ಲಿ ತಯಾರಾಗುತ್ತದೆ ಎಂದು ಖಚಿತವಾಯಿತು.

ಹೆದರಿಕೆಗೆ ಅಳತೆ ಇರಲಿ ಎಂದು ಹೇಳುತ್ತೇನೆ. ಬೆಕ್ಕು ಸಾಮಾನ್ಯವಾಗಿ ಜೀವನದಲ್ಲಿ ಒಮ್ಮೆ, ಸೋಂಕು ಮೊದಲ ಸಲ ತಗುಲಿದಾಗ, ಒಂದರಿಂದ ಮೂರು ವಾರ ಮಾತ್ರ ಈ ಕೋಶಗಳನ್ನು ಹೊರಹಾಕುತ್ತದೆ. ಹೊರಬಂದ ಕೋಶ ಸೋಂಕು ತರುವಷ್ಟು ಬಲಿಯಲು ಒಂದರಿಂದ ಐದು ದಿನ ಬೇಕು. ಬೆಕ್ಕು ಮಲ ಮಾಡುವ ಲಿಟರ್ ಬಾಕ್ಸನ್ನು ದಿನಾಲೂ ಸ್ವಚ್ಛ ಮಾಡಿದರೆ ಆ ಅವಕಾಶವೇ ಸಿಗುವುದಿಲ್ಲ. ಬೆಕ್ಕಿನ ಮೈ ಸವರುವುದರಿಂದ ಸೋಂಕು ಬರುವ ಸಾಧ್ಯತೆ ತುಂಬಾ ಕಡಿಮೆ. ಇಲ್ಲಿ ನಾಲಿಗೆ ನಮ್ಮ ಪರವಾಗಿದೆ, ಕೋಶ ಬಲಿಯುವ ಮೊದಲೇ ಬೆಕ್ಕು ಮೈ ನೆಕ್ಕಿ ಸ್ವಚ್ಛ ಮಾಡಿರುತ್ತದೆ. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿ, ತೋಟದ ಮಣ್ಣು ಇವುಗಳಿಂದ ಬರುವುದೇ ಜಾಸ್ತಿ. ಗರ್ಭಿಣಿಯರು ಲಿಟರ್ ಬಾಕ್ಸ್ ಮುಟ್ಟದೆ ಬೇರೆಯವರಿಗೆ ಆ ಕೆಲಸ ವಹಿಸಿದರೆ ಒಳ್ಳೆಯದು. ಬೆಕ್ಕನ್ನು ಮನೆಯಿಂದ ಓಡಿಸುವ ಅಗತ್ಯವಿಲ್ಲ. ದುಂಡುಹುಳದ ಮೊಟ್ಟೆಯದೂ ಇದೇ ರೀತಿ, ಇನ್ನೂ ನಿಧಾನ. ಅದು ಮಣ್ಣಿನಲ್ಲಿ ವಾರಗಟ್ಟಲೆ ಬಲಿಯಬೇಕು. ಆದರೆ ಬಲಿತ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಆ ಮಣ್ಣಿನಲ್ಲಿ ಆಡಿ ಬಾಯಿಗೆ ಕೈ ಹಾಕುವ ಮಗುವಿನ ಕಣ್ಣಿಗೆ ಎಳೆಹುಳ ಹೋದ ಪ್ರಸಂಗಗಳು ವೈದ್ಯರಿಗೆ ಗೊತ್ತು. ಮರಳಿನ ಆಟದ ಜಾಗಕ್ಕೆ ಮುಚ್ಚಳ ಇರಬೇಕು ಎನ್ನುವುದು ಅದಕ್ಕೇ.

“ನಮ್ಮದು ಹೊರಗೆ ಹೋಗೋದೇ ಇಲ್ಲ” ಎನ್ನುವವರಿಗೆ ಅಪಾಯ ಕಡಿಮೆ, ಒಪ್ಪುತ್ತೇನೆ. ಪೂರ್ತಿ ಇಲ್ಲವೆಂದಲ್ಲ. ಚಿಗಟ ನಮ್ಮ ಬಟ್ಟೆಯ ಮೇಲೆ, ಇನ್ನೊಂದು ಸಾಕುಪ್ರಾಣಿಯ ಮೇಲೆ ಬರುತ್ತದೆ. ಇಲಿಗೆ ಬಾಗಿಲು ಬೇಡ. ಹೃದಯಹುಳ ಹರಡುವುದು ಸೊಳ್ಳೆಯಿಂದ, ಸೊಳ್ಳೆ ಕಿಟಕಿಯಿಂದ ಬರುತ್ತದೆ. ನಾಯಿಯಲ್ಲಿ ಈ ಹುಳ ಹತ್ತಾರು ಇರಬಹುದು, ಬೆಕ್ಕಿನಲ್ಲಿ ಒಂದೋ ಎರಡೋ ಇದ್ದರೂ ಶ್ವಾಸಕೋಶ ಹಾಳು ಮಾಡುತ್ತದೆ. ಬಲಿತ ಹುಳವನ್ನು ಕೊಲ್ಲಲು ಬೆಕ್ಕಿಗೆ ಸುರಕ್ಷಿತವಾದ ಔಷಧಿಯೇ ಇಲ್ಲ, ಬರದ ಹಾಗೆ ತಿಂಗಳ ಹನಿ ಹಾಕುವುದೊಂದೇ ಉಪಾಯ. ಈ ಹುಳ ಎಲ್ಲ ಕಡೆ ಇಲ್ಲ. ನೀವಿರುವ ಕಡೆ ಇದೆಯಾ ಎಂದು ವೈದ್ಯರನ್ನು ಕೇಳಿ, ಹಾಗೇ ಬೆಕ್ಕು ಬೇಟೆಯಾಡುತ್ತದಾ, ಹಸಿ ಮಾಂಸ ತಿನ್ನುತ್ತದಾ, ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ ಎನ್ನುವುದನ್ನೂ ಹೇಳಿ. ಎಷ್ಟು ದಿನಕ್ಕೊಮ್ಮೆ ಯಾವ ಔಷಧಿ ಎನ್ನುವುದು ಈ ಉತ್ತರಗಳ ಮೇಲೆ ನಿಲ್ಲುತ್ತದೆ. ಪಕ್ಕದ ಮನೆಯ ಬೆಕ್ಕಿನ ಚೀಟಿ ನಿಮ್ಮ ಬೆಕ್ಕಿಗೆ ಹೊಂದುವುದಿಲ್ಲ. ನಮ್ಮ ಮನೆಯಲ್ಲೇ ಬೂದನದು ಒಂದು ಪಟ್ಟಿ, ಪುಟ್ಟಿಯದು ಇನ್ನೊಂದು. ಅವನು ಹೊರಗೆ ಇಲಿ ಹಿಡಿಯುತ್ತಾನೆ, ಅವಳು ಕಿಟಕಿಯಲ್ಲಿ ಕೂತು ಅವನನ್ನು ನೋಡುತ್ತಾಳೆ. ಹಾಗಾಗಿ ಜಂತುಹುಳದ ಮಾತ್ರೆ ಅವನಿಗೆ ಜಾಸ್ತಿ ಸಲ, ಚಿಗಟದ ಹನಿ ಮಾತ್ರ ಇಬ್ಬರಿಗೂ ಒಂದೇ ದಿನ.